ನೆಕ್ ದಪ್ಪ ಇದ್ದರೆ ಟೋನ್ ದಪ್ಪ ಆಗುತ್ತಾ?

ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ತಗೊಳ್ಳಲು ಹೊರಟವರಿಗೆ ಯಾರಾದರೂ ಒಬ್ಬರು ಈ ಮಾತು ಹೇಳಿಯೇ ಇರುತ್ತಾರೆ: "ದಪ್ಪ ನೆಕ್ ಇರೋದು ತಗೋ, ಟೋನ್ ತುಂಬಿಕೊಂಡು ಬರ್ತೈತಿ." ನೆಕ್ ಅಂದರೆ ಎಡಗೈಯಲ್ಲಿ ಹಿಡಿಯುವ ಗಿಟಾರಿನ ಉದ್ದನೆಯ ಕುತ್ತಿಗೆ, ಟೋನ್ ಅಂದರೆ ನಾದದ ಬಣ್ಣ. ಕೇಶ್ವಾಪುರದ ಕಡೆ ಚರ್ಚ್ ಕ್ವಾಯರಿನಲ್ಲಿ ನುಡಿಸುವವರು, ಗಣಪತಿ ಹಬ್ಬದ ಆರ್ಕೆಸ್ಟ್ರಾದವರು, ಕಾಲೇಜ್ ಬ್ಯಾಂಡಿನ ಹುಡುಗರು, ಎಲ್ಲರ ಬಾಯಲ್ಲೂ ಇದೇ. ತೆಳ್ಳನೆಯ ನೆಕ್ ಅಂದರೆ ಬರೀ ಸ್ಪೀಡಿಗೆ, ದಪ್ಪ ನೆಕ್ ಅಂದರೆ ಟೋನಿಗೆ ಅಂತ ಒಂದು ಲೆಕ್ಕ ಆಗಿಬಿಟ್ಟಿದೆ. ನನ್ನ ಹತ್ತಿರ ಗಿಟಾರ್ ಸೆಟಪ್ ಮಾಡಿಸಲು ಬರುವವರೂ ಇದನ್ನೇ ಕೇಳುತ್ತಾರೆ. ಪ್ರತಿ ಸಲ ನಿಂತಲ್ಲೇ ಅರ್ಧ ಉತ್ತರ ಕೊಟ್ಟು ಕಳಿಸುವ ಬದಲು ಒಮ್ಮೆ ಕೂತು ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ನೆಕ್ ಟೋನ್ ಕೊಡುವುದಿಲ್ಲ, ತಂತಿಯ ಶಕ್ತಿಯನ್ನು ತಿನ್ನುತ್ತದೆ. ಅದೂ ಎಲ್ಲ ಸ್ವರಗಳನ್ನು ಒಂದೇ ಸಮ ತಿನ್ನುವುದಿಲ್ಲ, ಕೆಲವನ್ನು ಆರಿಸಿಕೊಂಡು ತಿನ್ನುತ್ತದೆ. ಯಾವ ಸ್ವರ ತಿನ್ನಬೇಕು, ಎಷ್ಟು ತಿನ್ನಬೇಕು ಅನ್ನುವುದು ನೆಕ್ಕಿನ ದಪ್ಪ, ಅದು ಎಷ್ಟು ಬಗ್ಗುತ್ತದೆ ಅನ್ನುವುದು, ತುದಿಯಲ್ಲಿರುವ ಭಾರ ಈ ಮೂರರ ಮೇಲೆ ನಿಂತಿದೆ. ದಪ್ಪ ಅನ್ನುವುದು ಇದರಲ್ಲಿ ಒಂದು ಪಾಲು ಅಷ್ಟೇ.

ಪಂಚಮಿ ಹಬ್ಬಕ್ಕೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತೇವಲ್ಲ, ಅದನ್ನೇ ನೋಡಿ. ಗಟ್ಟಿ ಟೊಂಗೆಗೆ ಕಟ್ಟಿದರೆ ಒಮ್ಮೆ ಜೀಕಿದ್ದು ಬಹಳ ಹೊತ್ತು ತೂಗುತ್ತದೆ. ಟೊಂಗೆಯೂ ಜೊತೆಗೆ ಅಲ್ಲಾಡುವಂಥದ್ದಾದರೆ ಜೀಕಿದ ಬಲವೆಲ್ಲ ಟೊಂಗೆಗೆ ಹೋಗಿ ಜೋಕಾಲಿ ಬೇಗ ನಿಲ್ಲುತ್ತದೆ. ಗಿಟಾರಿನ ತಂತಿಯದೂ ಇದೇ ಕಥೆ. ಒಂದು ತುದಿ ಬ್ರಿಜ್ ಮೇಲೆ ಕೂತಿದೆ, ಅದರ ಕೆಳಗೆ ದಪ್ಪನೆಯ ಭಾರದ ಬಾಡಿ ಇದೆ, ಅದು ಸುಲಭಕ್ಕೆ ಅಲ್ಲಾಡುವುದಿಲ್ಲ. ಇನ್ನೊಂದು ತುದಿ ನಾವು ಬೆರಳಿಟ್ಟ ಫ್ರೆಟ್, ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ. ಆ ಫ್ರೆಟ್ ಇರುವುದು ಉದ್ದಕ್ಕೆ ಚಾಚಿಕೊಂಡಿರುವ, ಎರಡೂವರೆ ಇಂಚೂ ಅಗಲವಿಲ್ಲದ ಒಂದು ಮರದ ತುಂಡಿನ ಮೇಲೆ. ಹಾಗಾಗಿ ಸಾಲಿಡ್ ಬಾಡಿ (ಒಳಗೆ ಟೊಳ್ಳಿಲ್ಲದ) ಗಿಟಾರಿನಲ್ಲಿ ತಂತಿಯ ಶಕ್ತಿ ಸೋರುವ ಮುಖ್ಯ ಜಾಗ ನೆಕ್ಕೇ.

ಇಲ್ಲಿ ಒಂದು ವಿಷಯ ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ರತಿ ನೆಕ್ಕಿಗೂ ತನ್ನದೇ ಆದ ನಡುಗುವ ವೇಗ ಇರುತ್ತದೆ, ಒಂದಲ್ಲ, ಮೂರ್ನಾಲ್ಕು. ನೆಕ್ಕಿನ ತುದಿಯಲ್ಲಿ ಕೀಗಳಿರುವ ಹೆಡ್‌ಸ್ಟಾಕ್ ಹಿಂದೆ ಬೆರಳ ಗೆಣ್ಣಿನಿಂದ ತಟ್ಟಿದರೆ ಒಂದು ಮಂದ ಶಬ್ದ ಬರುತ್ತಲ್ಲ, ಅದರೊಳಗೇ ಅವು ಇವೆ. ನೀವು ನುಡಿಸಿದ ಸ್ವರ ಅದಕ್ಕೆ ಹತ್ತಿರ ಬಂದಾಗ ನೆಕ್ ಖುಷಿಯಿಂದ ಜೊತೆಗೆ ನಡುಗಲು ಶುರು ಮಾಡುತ್ತದೆ, ತಂತಿಯ ಶಕ್ತಿ ಅದಕ್ಕೆ ಹೋಗುತ್ತದೆ, ಸ್ವರ ಥಟ್ಟನೆ ಬಿದ್ದುಹೋಗುತ್ತದೆ. ಇದಕ್ಕೇ ಡೆಡ್ ಸ್ಪಾಟ್ ಅನ್ನುವುದು. ಬೇಸ್ ಗಿಟಾರ್ ನುಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಬಹಳಷ್ಟು ನಾಲ್ಕು ತಂತಿಯ ಬೇಸ್‌ಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ, ಅಂದರೆ ಸುಮಾರು 131ರಿಂದ 147 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ನಡುಗುವ ವೇಗ) ಒಳಗೆ, ಒಂದು ಸ್ವರ ಬೇರೆಯವುಗಳಿಗಿಂತ ಬೇಗ ಸಾಯುತ್ತದೆ. ಜರ್ಮನಿಯ ಹೆಲ್ಮುಟ್ ಫ್ಲೈಷರ್ ಅನ್ನುವ ವಿಜ್ಞಾನಿ 1990ರ ದಶಕದಲ್ಲಿ ಗಿಟಾರ್ ಮತ್ತು ಬೇಸ್‌ಗಳ ನೆಕ್ ಮೇಲೆ ಫ್ರೆಟ್ ಫ್ರೆಟ್ಟಿಗೂ ಅಳತೆ ತೆಗೆದು ತೋರಿಸಿದ್ದು ಇದನ್ನೇ: ನೆಕ್ ಎಲ್ಲಿ ಯಾವ ವೇಗಕ್ಕೆ ಸುಲಭವಾಗಿ ಅಲ್ಲಾಡುತ್ತದೋ ಅಲ್ಲೇ ಆ ಸ್ವರ ಬೇಗ ಆರುತ್ತದೆ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಬಹುದು. ಶಬ್ದ ದೊಡ್ಡದು ಮಾಡುವ ಆಂಪ್ ಬೇಡ. ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಒಂದು ಸ್ವರ ನುಡಿಸಿ. ಈಗ ಹೆಡ್‌ಸ್ಟಾಕಿನ ತುದಿಯನ್ನು ಮರದ ಕಪಾಟಿಗೋ ಬಾಗಿಲಿಗೋ ಒತ್ತಿ ಹಿಡಿದು ಅದೇ ಸ್ವರ ಮತ್ತೆ ನುಡಿಸಿ. ಕಪಾಟು ಹಾಡುತ್ತದೆ! ಶಬ್ದ ಒಮ್ಮೆಲೇ ದೊಡ್ಡದಾಗುತ್ತದೆ. ಆ ಶಬ್ದ ಎಲ್ಲಿಂದ ಬಂತು? ತಂತಿಯಿಂದ ನೆಕ್ಕಿಗೆ, ನೆಕ್ಕಿನಿಂದ ಕಪಾಟಿಗೆ. ಕಪಾಟು ಇಲ್ಲದಿದ್ದಾಗಲೂ ನೆಕ್ ನಡುಗುತ್ತಲೇ ಇತ್ತು, ನಮ್ಮ ಕಿವಿಗೆ ಬೀಳುತ್ತಿರಲಿಲ್ಲ ಅಷ್ಟೇ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳಿಗೆ ಇದನ್ನು ತೋರಿಸಿದರೆ ಆಮೇಲೆ ವಿವರಿಸುವ ಕೆಲಸವೇ ಉಳಿಯುವುದಿಲ್ಲ.

ಧಾರವಾಡದಿಂದ ಒಬ್ಬ ಕಾಲೇಜ್ ಹುಡುಗ ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್) ಆಕಾರದ ಗಿಟಾರ್ ತಂದಿದ್ದ. ಅವನ ತಕರಾರು ಇಷ್ಟೇ: ಸೋಲೋದಲ್ಲಿ ಒಂದು ಸ್ವರ ಎಳೆದು ಬಹಳ ಹೊತ್ತು ನಿಲ್ಲಿಸಬೇಕು, ಅದು ನಿಲ್ಲುತ್ತಿಲ್ಲ. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಬದಲಿಸು ಅಂತ ಒಬ್ಬರು, ನೆಕ್ ತೆಳು ಇದೆ, ದಪ್ಪ ನೆಕ್ ಹಾಕಿಸು ಅಂತ ಇನ್ನೊಬ್ಬರು ಅವನಿಗೆ ಹೇಳಿದ್ದರು. ಕೂರಿಸಿಕೊಂಡು ಜಿ ತಂತಿಯ ಮೇಲೆ ಒಂದೊಂದೇ ಫ್ರೆಟ್ ನುಡಿಸುತ್ತ ಹೋದೆವು. 9 ಸರಿ, 10 ಸರಿ, 11ಕ್ಕೆ ಬಂದಾಗ ಎಫ್ ಶಾರ್ಪ್ ಹುಟ್ಟಿದ ತಕ್ಷಣ ಕುಸಿದು, ಹಿಂದೆ ಬರೀ ಮೇಲಿನ ಸಣ್ಣ ಸಪ್ತಕದ ನೆರಳು ಉಳಿಯಿತು. ಸುಮಾರು 370 ಹರ್ಟ್ಜ್. 12 ಮತ್ತೆ ಸರಿ. ಅದೇ ಎಫ್ ಶಾರ್ಪನ್ನು ಬಿ ತಂತಿಯ 7ನೇ ಫ್ರೆಟ್‌ನಲ್ಲಿ ನುಡಿಸಿದರೆ ಹಾಯಾಗಿ ನಿಂತಿತು. ಸ್ವರ ಒಂದೇ, ಪಿಕಪ್ ಒಂದೇ, ಆದರೆ ತಂತಿ ನೆಕ್ಕನ್ನು ಮುಟ್ಟುವ ಜಾಗ ಬೇರೆ. ಆ ವೇಗಕ್ಕೆ ನೆಕ್ 11ನೇ ಫ್ರೆಟ್ ಹತ್ತಿರ ಜಾಸ್ತಿ ಅಲ್ಲಾಡುತ್ತಿತ್ತು, 7ರ ಹತ್ತಿರ ಕಡಿಮೆ.

ಆಮೇಲೆ ಬಡಿಗೇರರು ಬಳಸುವ ಒಂದು ಚಿಕ್ಕ ಸಿ ಕ್ಲಾಂಪ್ ತೆಗೆದು, ಎರಡೂ ಕಡೆ ಬಟ್ಟೆಯ ಚೂರು ಇಟ್ಟು, ಹೆಡ್‌ಸ್ಟಾಕಿಗೆ ಬಿಗಿದೆ. ಈಗ 11ರ ಎಫ್ ಶಾರ್ಪ್ ನಿಲ್ಲುತ್ತದೆ! ಹುಡುಗನ ಮುಖ ನೋಡಬೇಕಿತ್ತು. ಆದರೆ 10ನೇ ಫ್ರೆಟ್ಟಿನ ಎಫ್ ಈಗ ಬೀಳಲು ಶುರುವಾಗಿತ್ತು. ತುದಿಗೆ ಭಾರ ಸೇರಿದ್ದರಿಂದ ನೆಕ್ ನಿಧಾನ ನಡುಗುತ್ತಿದೆ, ಹಾಗಾಗಿ ರೋಗ ಒಂದು ಫ್ರೆಟ್ ಕೆಳಗೆ ಸರಿಯಿತು. ಅವನ ಹಾಡಿಗೆ ಎಫ್ ಬೇಕಾಗಿರಲಿಲ್ಲ, ಎಫ್ ಶಾರ್ಪ್ ಬೇಕಾಗಿತ್ತು. ಇದೇ ಕೆಲಸಕ್ಕೆ ಫ್ಯಾಟ್‌ಫಿಂಗರ್ ಅಂತ ಒಂದು ಹಿತ್ತಾಳೆಯ ಕ್ಲಾಂಪ್ ಮಾರುಕಟ್ಟೆಯಲ್ಲಿ ಬರುತ್ತಿತ್ತು, ಅದು ಮಾಡುವುದೂ ಇಷ್ಟೇ.

ಇನ್ನೊಂದು ಚಂದದ ವಿಷಯ. ಡೆಡ್ ಸ್ಪಾಟ್ ಇರುವ ಸ್ವರವನ್ನು ಒಮ್ಮೆ ಪಿಕ್ಕಿನಿಂದ ಫ್ರೆಟ್‌ಬೋರ್ಡಿಗೆ ಸಮಾನಾಂತರವಾಗಿ, ಪಕ್ಕಕ್ಕೆ ಎಳೆದು ನುಡಿಸಿ. ಇನ್ನೊಮ್ಮೆ ತಂತಿಯನ್ನು ಬಾಡಿಯ ಕಡೆಗೆ ಒತ್ತಿ ಬಿಟ್ಟ ಹಾಗೆ ಮೇಲೆ ಕೆಳಗೆ ಕಂಪಿಸುವಂತೆ ನುಡಿಸಿ. ಎರಡನೆಯದು ಬೇಗ ಸಾಯುತ್ತದೆ. ಕಾರಣ ಏನೆಂದರೆ ನೆಕ್ ಅಗಲ ಜಾಸ್ತಿ, ದಪ್ಪ ಕಡಿಮೆ, ಹಾಗಾಗಿ ಅದು ಪಕ್ಕಕ್ಕೆ ಬಗ್ಗುವುದು ಕಷ್ಟ, ಮೇಲೆ ಕೆಳಗೆ ಬಗ್ಗುವುದು ಸುಲಭ. ಅಂದರೆ ಪಿಕ್ ಹಿಡಿಯುವ ಕೋನ ಬದಲಿಸಿದರೂ ಸಸ್ಟೇನ್, ಅಂದರೆ ಸ್ವರ ಉಳಿಯುವ ಹೊತ್ತು, ಬದಲಾಗುತ್ತದೆ. ಖರ್ಚಿಲ್ಲದ ಪರಿಹಾರ ಅಲ್ವಾ.

ಈಗ ದಪ್ಪಕ್ಕೆ ಬರೋಣ. ಒಂದು ಪಟ್ಟಿ ಎಷ್ಟು ಬಗ್ಗುತ್ತದೆ ಅನ್ನುವುದರಲ್ಲಿ ಅಗಲದ ಪಾತ್ರ ಸಣ್ಣದು, ದಪ್ಪದ ಪಾತ್ರ ಬಹಳ ದೊಡ್ಡದು. ಅಗಲ ಎರಡು ಪಟ್ಟಾದರೆ ಗಟ್ಟಿತನ ಎರಡು ಪಟ್ಟು. ದಪ್ಪ ಎರಡು ಪಟ್ಟಾದರೆ ಗಟ್ಟಿತನ ಎಂಟು ಪಟ್ಟು. ದಪ್ಪವನ್ನು ಮೂರು ಸಲ ಇಟ್ಟು ಗುಣಿಸಿದ ಲೆಕ್ಕ ಇದು, 2×2×2 ಅಂದರೆ 8. ಹಾಗಾಗಿ 20 ಮಿಲಿಮೀಟರ್ ದಪ್ಪದ ನೆಕ್ಕನ್ನು 22 ಮಾಡಿದರೆ, ಆಕಾರ ಮತ್ತು ಮರ ಅದೇ ಇದ್ದರೆ, ಗಟ್ಟಿತನ 33 ಶೇಕಡಾ ಏರುತ್ತದೆ. 24 ಮಾಡಿದರೆ 73 ಶೇಕಡಾ. ಐಬನೇಜ್ ಕಂಪನಿಯ ಅತಿ ತೆಳ್ಳನೆಯ ವಿಜಾರ್ಡ್ ನೆಕ್‌ಗಳು 1ನೇ ಫ್ರೆಟ್ ಹತ್ತಿರ 17 ಮಿಲಿಮೀಟರ್ ಇರುತ್ತವೆ. 1950ರ ದಶಕದ ಮೊದಲ ಫೆಂಡರ್ ನೆಕ್‌ಗಳಲ್ಲಿ ಕೆಲವು 1 ಇಂಚಿನ ಹತ್ತಿರ, ಅಂದರೆ 25 ಮಿಲಿಮೀಟರ್. ಬರೀ ಮರದ ಲೆಕ್ಕ ಹಿಡಿದರೆ ಎರಡನೆಯದು ಮೊದಲನೆಯದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ಗಟ್ಟಿ. ಅದಕ್ಕೇ ತೆಳು ನೆಕ್ ಮಾಡುವವರು ಎರಡು ಮೂರು ಬಗೆಯ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ, ದುಬಾರಿ ಮಾಡೆಲ್‌ಗಳಲ್ಲಿ ಒಳಗೆ ಟೈಟಾನಿಯಂ ಕಡ್ಡಿ ಹಾಕುತ್ತಾರೆ.

ಹಾಗಾದರೆ ದಪ್ಪ ಇದ್ದದ್ದೆಲ್ಲ ಗಟ್ಟಿಯಾ? ನಮ್ಮ ಓಣಿಯ ಬಡಿಗೇರ ಕಾಕಾಗೆ ಒಮ್ಮೆ ಎರಡು ಬಿಡಿ ನೆಕ್ ತೋರಿಸಿದ್ದೆ. ಒಂದು ದಪ್ಪ, ಒಂದು ತೆಳು. ಅವರು ದಪ್ಪ ನೋಡಲೇ ಇಲ್ಲ. ತುದಿಯನ್ನು ಬೆಳಕಿಗೆ ಹಿಡಿದು ಎಳೆ ನೋಡಿದರು. "ತಮ್ಮಾ, ಇದ್ರ ಎಳಿ ಸೊಟ್ಟ ಓಡೇತಿ ನೋಡು, ನಡುವ ಪಕ್ಕಕ್ಕ ಹೊರಗ ಹೊಂಟೇತಿ. ಇದು ದಪ್ಪ ಇದ್ರೂ ತಿರುಚ್ತೈತಿ. ಆ ತೆಳ್ಳಂದು ನೆಟ್ಟಗ ಓಡೇತಿ, ಅದು ನಿಲ್ತೈತಿ." ಬಾಗಿಲ ಚೌಕಟ್ಟು ಮಾಡುತ್ತಲೇ ಕೂದಲು ಬೆಳ್ಳಗಾದವರ ಕಣ್ಣು ಅದು. ಎಳೆ ಉದ್ದಕ್ಕೆ ನೆಟ್ಟಗಿದ್ದರೆ ಮರ ತನ್ನ ಪೂರ್ತಿ ಬಲ ಕೊಡುತ್ತದೆ. ಎಳೆ ಓರೆಯಾಗಿ ಹೊರಗೆ ಹೋದ ಕಡೆ ಗಟ್ಟಿತನ ಬೇಗ ಇಳಿಯುತ್ತದೆ. ನೆಕ್ ತಗೊಳ್ಳುವಾಗ ಹಿಂಭಾಗ ಮತ್ತು ಪಕ್ಕ ಎರಡೂ ಕಡೆ ಎಳೆ ನೋಡುವುದನ್ನು ನಾನು ಅವರಿಂದಲೇ ಕಲಿತೆ.

ಮರದ ಜಾತಿಯ ವಿಷಯದಲ್ಲಿ ಗಿಟಾರಿನವರು ಮಾಡುವಷ್ಟು ಗದ್ದಲ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಗಟ್ಟಿ ಮೇಪಲ್ ಮರದ ಗಟ್ಟಿತನ ಸರಾಸರಿ 12.6 ಗಿಗಾಪಾಸ್ಕಲ್, ಹೊಂಡುರಾಸ್ ಮಹಾಗನಿಯದು 10ರ ಹತ್ತಿರ. ಕಾಲು ಭಾಗ ವ್ಯತ್ಯಾಸ, ದೊಡ್ಡದೇ ಅನ್ನಿಸುತ್ತದೆ. ಆದರೆ 21 ಮಿಲಿಮೀಟರಿನ ಮಹಾಗನಿ ನೆಕ್ಕನ್ನು 22.6 ಮಾಡಿದರೆ ಸಾಕು, ಮೇಪಲ್ಲಿಗೆ ಸಮ ಆಗುತ್ತದೆ. ಒಂದೂವರೆ ಮಿಲಿಮೀಟರ್ ಆಸುಪಾಸು! ಬಡಿಗೇರನ ಉಜ್ಜುಗೊರಡು ನಾಲ್ಕು ಸಲ ಹೆಚ್ಚು ಕಡಿಮೆ ಓಡಿದರೆ ಅಷ್ಟು ಬದಲಾಗುತ್ತದೆ. ಮೇಪಲ್ ಭಾರವೂ ಜಾಸ್ತಿ, ಹಾಗಾಗಿ ನಡುಗುವ ವೇಗದ ಲೆಕ್ಕದಲ್ಲಿ ಎರಡೂ ಮರಗಳ ನಡುವಿನ ಅಂತರ ಎರಡು ಮೂರು ಶೇಕಡಾ ಅಷ್ಟೇ ಉಳಿಯುತ್ತದೆ. ಅದು ಅರ್ಧ ಫ್ರೆಟ್ಟೂ ಅಲ್ಲ. ಫ್ರೆಟ್‌ಬೋರ್ಡಿಗೆ ಜಗತ್ತೆಲ್ಲ ಬಳಸುವ ಇಂಡಿಯನ್ ರೋಸ್‌ವುಡ್ ನಮ್ಮ ಪಕ್ಕದ ಕಾಡಿನ ಬೀಟೆ ಮರವೇ. ದಾಂಡೇಲಿ ಕಡೆ ಹೋದವರು ನೋಡಿರುತ್ತೀರಿ. ಕರಿ ಬಣ್ಣ, ಮುಟ್ಟಿದರೆ ನುಣುಪು, ಸವೆಯುವುದು ನಿಧಾನ. ಅದನ್ನು ನಾನು ಇಷ್ಟಪಡುವುದು ಆ ಗುಣಗಳಿಗಾಗಿ.

ಇನ್ನು ಮುಖ್ಯ ಪ್ರಶ್ನೆ. ನೆಕ್ ದಪ್ಪ ಮಾಡಿದರೆ ಡೆಡ್ ಸ್ಪಾಟ್ ಹೋಗಿಬಿಡುತ್ತದೆಯೇ? ಇಲ್ಲ, ಜಾಗ ಬದಲಿಸುತ್ತದೆ. ದಪ್ಪ ಏರಿದ ಹಾಗೆ ನೆಕ್ಕಿನ ಭಾರವೂ ಏರುತ್ತದೆ, ಹಾಗಾಗಿ ಗಟ್ಟಿತನ 33 ಶೇಕಡಾ ಏರಿದರೂ ನಡುಗುವ ವೇಗ ಏರುವುದು ಸುಮಾರು 10 ಶೇಕಡಾ ಅಥವಾ ಸ್ವಲ್ಪ ಜಾಸ್ತಿ. ಸಂಗೀತದ ಲೆಕ್ಕದಲ್ಲಿ ಅದು ಒಂದೂವರೆ ಎರಡು ಫ್ರೆಟ್. ಜಿ ತಂತಿಯ 11ರಲ್ಲಿ ಸಾಯುತ್ತಿದ್ದದ್ದು 12 ಅಥವಾ 13ರಲ್ಲಿ ಸಾಯುತ್ತದೆ. ಒಳ್ಳೆಯ ಸುದ್ದಿಯೂ ಇದೆ: ನೆಕ್ ಗಟ್ಟಿಯೂ ಭಾರವೂ ಆದಷ್ಟು ಒಟ್ಟಾರೆ ಅಲ್ಲಾಟ ಕಡಿಮೆ, ಸೋರಿಕೆಯೂ ಕಡಿಮೆ, ಸ್ವರಗಳ ನಡುವೆ ಸಮತೂಕ ಜಾಸ್ತಿ. ದಪ್ಪ ನೆಕ್ಕಿನ ಗಿಟಾರಿನಲ್ಲಿ "ಎಲ್ಲ ಸ್ವರವೂ ಒಂದೇ ಥರ ನಿಲ್ತೈತಿ" ಅಂತ ಹಳಬರು ಹೇಳುವುದರಲ್ಲಿ ಹುರುಳಿದೆ. ಅದನ್ನು "ಟೋನ್ ದಪ್ಪ" ಅಂತ ಕರೆದುಬಿಟ್ಟಾಗ ದಾರಿ ತಪ್ಪುತ್ತೇವೆ. ತೆಳು ನೆಕ್ಕಿನಲ್ಲಿ ಕೆಲವು ಸ್ವರಗಳ ಮೂಲ ನಾದ ಬೇಗ ಇಳಿದು ಮೇಲಿನ ಹಾರ್ಮಾನಿಕ್‌ಗಳು (ಮೂಲ ನಾದದ ಜೊತೆ ಹುಟ್ಟುವ ಸಣ್ಣ ನಾದಗಳು) ಮಾತ್ರ ಕಿವಿಗೆ ಬೀಳುತ್ತವೆ, ಅದನ್ನೇ ನಾವು "ತೆಳು ಟೋನ್" ಅಂದುಕೊಳ್ಳುತ್ತೇವೆ.

ಹೆಡ್‌ಸ್ಟಾಕಿನ ಭಾರವನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ನನಗೆ ಅದೇ ಬೇಜಾರು. ಮುಚ್ಚಿದ ಡಬ್ಬಿಯ ಥರ ಇರುವ ಟ್ಯೂನಿಂಗ್ ಕೀಗಳು ಆರೂ ಸೇರಿ 200 ಗ್ರಾಂ ದಾಟುತ್ತವೆ. ಹಳೆಯ ಮಾದರಿಯ ಹಗುರ ಕೀ ಹಾಕಿದರೆ ಅದರಲ್ಲಿ ಒಳ್ಳೆಯ ಪಾಲು ಕಡಿಮೆ ಆಗುತ್ತದೆ. ನೆಕ್ಕಿನ ತುತ್ತತುದಿಯಲ್ಲಿ ಇಷ್ಟು ಬದಲಾದರೆ ಡೆಡ್ ಸ್ಪಾಟ್ ಸರಿಯುವುದು ಖಂಡಿತ. ಕೀ ಬದಲಿಸಿದ ಮೇಲೆ "ಗಿಟಾರ್ ಬೇರೆಯೇ ಆಯ್ತು" ಅನ್ನುವವರ ಮಾತು ಸುಳ್ಳಲ್ಲ. ಹೊಸ ಕೀ ಲೋಹದಲ್ಲಿ ಜಾದೂ ಇಲ್ಲ, ಭಾರದಲ್ಲಿ ಕಾರಣ ಇದೆ.

ಸ್ವಲ್ಪ ಹಳೆಯ ಕಥೆ. ನೆಕ್ ಮೊದಲು ದಪ್ಪ ಇದ್ದದ್ದು ಟೋನಿಗಾಗಿ ಅಲ್ಲ, ತಂತಿಯ ಎಳೆತ ತಡೆಯಲು. 10ರಿಂದ 46ರ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಒಂದು ಸೆಟ್ ತಂತಿ ನೆಕ್ಕನ್ನು ಸುಮಾರು 47 ಕೆಜಿ ಬಲದಿಂದ ಎಳೆಯುತ್ತದೆ. ಅಕೂಸ್ಟಿಕ್‌ನ 12ರಿಂದ 53ರ ಸೆಟ್ 70 ಕೆಜಿ ದಾಟುತ್ತದೆ. ದಿನವಿಡೀ, ವರ್ಷವಿಡೀ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಹೊಂದಿಸಬಹುದಾದ ಟ್ರಸ್ ರಾಡ್‌ಗೆ (ನೆಕ್ಕಿನೊಳಗಿನ ಲೋಹದ ಕಡ್ಡಿಗೆ) 1921ರಲ್ಲಿ ಅರ್ಜಿ ಹಾಕಿ 1923ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ನೆಕ್ ತೆಳ್ಳಗೆ ಮಾಡುವ ಧೈರ್ಯ ಬಂತು. ಆದರೂ 1950ರಲ್ಲಿ ಫೆಂಡರ್ ಹೊರತಂದ ಮೊದಲ ಎಸ್ಕ್ವಾಯರ್ ಗಿಟಾರುಗಳಲ್ಲಿ ರಾಡ್ ಇರಲಿಲ್ಲ, ಬೇಗನೇ ಹಾಕಬೇಕಾಯಿತು. ಮಾರ್ಟಿನ್ ಕಂಪನಿಯಂತೂ ಹೊಂದಿಸುವ ರಾಡ್ ತಂದದ್ದು 1985ರಲ್ಲಿ. 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರಿನ ನೆಕ್ ತುಂಬಿಕೊಂಡಿತ್ತು, 1960ರಲ್ಲಿ ಅದನ್ನೇ ತೆಳ್ಳಗೆ ಮಾಡಿದರು. ದಪ್ಪ ನೆಕ್ಕಿಗೆ ಈಗ ಇರುವ ಪೂಜೆಗೆ ಅರ್ಧ ಕಾರಣ ಆ ಒಂದು ವರ್ಷದ ಗಿಟಾರುಗಳೇ.

ಟ್ರಸ್ ರಾಡ್ ಬಿಗಿ ಮಾಡಿದರೆ ನೆಕ್ ಗಟ್ಟಿ ಆಗುತ್ತದೆ ಅಂತ ತಿಳಿದು ಅಲೆನ್ ಕೀ ತಿರುಗಿಸುತ್ತ ಹೋಗುವವರಿದ್ದಾರೆ. ದಯವಿಟ್ಟು ಬೇಡ. ರಾಡ್ ಬದಲಿಸುವುದು ನೆಕ್ಕಿನ ಬಾಗನ್ನು. 1ನೇ ಫ್ರೆಟ್ ಮತ್ತು ನೆಕ್ ಬಾಡಿಗೆ ಸೇರುವಲ್ಲಿನ ಫ್ರೆಟ್ ಒತ್ತಿ ಹಿಡಿದರೆ 7 ಅಥವಾ 8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವೆ 0.2 ಮಿಲಿಮೀಟರ್ ಆಸುಪಾಸು ಸಂದು ಇದ್ದರೆ ಸಾಕು. ಅದಕ್ಕಿಂತ ಬಿಗಿದರೆ ತಂತಿ ಫ್ರೆಟ್ಟಿಗೆ ಬಡಿದು ಸಸ್ಟೇನ್ ಹೋಗುತ್ತದೆ, ರಾಡ್ ಮುರಿದರೆ ನೆಕ್ಕೇ ಹೋಯಿತು.

ಗಟ್ಟಿತನ ಒಂದನ್ನೇ ಬೆನ್ನುಹತ್ತಿದವರೂ ಇದ್ದಾರೆ. 1970ರ ದಶಕದಲ್ಲಿ ಬಾಹ್ಯಾಕಾಶ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ಜೆಫ್ ಗೌಲ್ಡ್ ಕಾರ್ಬನ್ ಫೈಬರಿನ ಬೇಸ್ ನೆಕ್ ಮಾಡಿದರು, ಅದೇ ಮುಂದೆ ಮಾಡ್ಯುಲಸ್ ಕಂಪನಿಯಾಯಿತು. ಕಾರ್ಬನ್ ಎಳೆಯ ಉದ್ದಕ್ಕೆ ಅದರ ಗಟ್ಟಿತನ ಯಾವ ಮರಕ್ಕಿಂತಲೂ ಎಷ್ಟೋ ಪಟ್ಟು. ನೆಡ್ ಸ್ಟೈನ್‌ಬರ್ಗರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೆಡ್‌ಸ್ಟಾಕನ್ನೇ ತೆಗೆದುಹಾಕಿ, ಕೀಗಳನ್ನು ಬಾಡಿಯ ಕಡೆಗೆ ತಂದರು. ತುದಿಯ ಭಾರ ಹೋಯಿತು, ನೆಕ್ ಗಟ್ಟಿಯಾಯಿತು, ನೆಕ್ಕಿನ ನಡುಗು ಕೆಳಗಿನ ಸ್ವರಗಳಿಂದ ದೂರ ಮೇಲಕ್ಕೆ ಹೋಯಿತು. ಸ್ವರಗಳು ಸಮವಾಗಿ ನಿಲ್ಲುತ್ತವೆ, ಪಿಯಾನೋದ ಹಾಗೆ ಸ್ಪಷ್ಟ. ಕೆಲವರಿಗೆ ಅದು ಜೀವವಿಲ್ಲದ್ದು ಅನ್ನಿಸುತ್ತದೆ. ಮರದ ನೆಕ್ ಅಲ್ಲಿ ಇಲ್ಲಿ ತಿಂದು ಮಾಡುವ ಏರಿಳಿತಕ್ಕೇ ಅವರ ಕಿವಿ ಒಗ್ಗಿದೆ, ಅದರಲ್ಲಿ ತಪ್ಪೇನಿಲ್ಲ. ನನಗಂತೂ ಬೇಸ್‌ನಲ್ಲಿ ಕಾರ್ಬನ್ ನೆಕ್ ಇಷ್ಟ, ಗಿಟಾರಿನಲ್ಲಿ ಮರವೇ ಇಷ್ಟ.

ಗಿಟಾರೇ ಇಲ್ಲದೆ ಎರಡು ಬೆಂಚುಗಳ ನಡುವೆ ತಂತಿ ಬಿಗಿದು, ಕೆಳಗೆ ಪಿಕಪ್ ಇಟ್ಟು ನುಡಿಸಿ, ಅದು ಒಳ್ಳೆಯ ಗಿಟಾರಿನಂತೆಯೇ ಕೇಳುತ್ತದೆ ಅಂತ ತೋರಿಸುವ ವಿಡಿಯೋ ನೀವೂ ನೋಡಿರಬಹುದು. ಅದನ್ನು ಹಿಡಿದುಕೊಂಡು "ಮರ ನೆಕ್ ಎಲ್ಲ ಸುಳ್ಳು" ಅನ್ನುವವರು ಒಂದು ಮಾತು ಗಮನಿಸಬೇಕು. ಭಾರದ ಬೆಂಚು ಅಂದರೆ ಸ್ವಲ್ಪವೂ ಬಗ್ಗದ ನೆಕ್ ಇದ್ದ ಹಾಗೆ. ಅಲ್ಲಿ ಸೋರಿಕೆ ಇಲ್ಲ, ಟೋನ್ ಚೆನ್ನಾಗಿ ಬರಲೇಬೇಕು. ಸ್ವರ ಹುಟ್ಟುವ ಕ್ಷಣದ ಬಣ್ಣ ಪಿಕಪ್, ತಂತಿ, ಪಿಕ್, ಆಂಪ್ ಇವುಗಳದ್ದೇ ಅನ್ನುವುದನ್ನು ಆ ಪ್ರಯೋಗ ಚೆನ್ನಾಗಿ ತೋರಿಸುತ್ತದೆ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ನೆಕ್ಕಿನ ಪಾತ್ರ ಶುರುವಾಗುವುದು ಆಮೇಲೆ, ಸ್ವರ ಒಂದೆರಡು ಸೆಕೆಂಡ್ ನಿಂತಾಗ.

ನಮ್ಮ ಊರಿನಲ್ಲಿ ಕೂತು ಈ ವಿಷಯ ಬರೆಯುವಾಗ ಸಿತಾರದ ನೆನಪು ಬಂದೇ ಬರುತ್ತದೆ. ಧಾರವಾಡಕ್ಕೆ ರಹಿಮತ್ ಖಾನ್ ಮನೆತನದ ದೊಡ್ಡ ಸಿತಾರ ಪರಂಪರೆ ಇದೆ. ಸಿತಾರದ ದಂಡಿ ನೋಡಿ, ಗಿಟಾರ್ ನೆಕ್ಕಿಗಿಂತ ಎಷ್ಟೋ ಅಗಲ, ಆದರೆ ಒಳಗೆ ಟೊಳ್ಳು. ತಂಬೂರಿಯ ದಂಡಿಯೂ ಹಾಗೇ. ಅಲ್ಲಿ ದಂಡಿ ನಡುಗಿದರೆ ನಷ್ಟವಿಲ್ಲ, ಏಕೆಂದರೆ ತಂತಿಯಿಂದ ಮರಕ್ಕೆ ಹೋದದ್ದೇ ಗಾಳಿಗೆ ಹೋಗಿ ನಾದ ಆಗುತ್ತದೆ. ಮರ ನಡುಗದಿದ್ದರೆ ವಾದ್ಯ ಮೂಕ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ನೋಡುವುದು ತಂತಿಯನ್ನು ಮಾತ್ರ, ಮರಕ್ಕೆ ಹೋದದ್ದು ಅದರ ಪಾಲಿಗೆ ಹೋಯಿತು ಅಷ್ಟೇ. ಹಾಗಾಗಿ "ನೆಕ್ ಚೆನ್ನಾಗಿ ನಡುಗ್ತೈತಿ, ಜೀವ ಐತಿ" ಅಂತ ಗಿಟಾರ್ ಅಂಗಡಿಯಲ್ಲಿ ಹೊಗಳುವವರು ಸಿತಾರದ ಗುಣವನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಹುಡುಕುತ್ತಿದ್ದಾರೆ. ಅಕೂಸ್ಟಿಕ್ ಗಿಟಾರ್ ಇವೆರಡರ ನಡುವೆ. ಅಲ್ಲಿ ಶಬ್ದ ಮಾಡುವುದು ಮೇಲಿನ ತೆಳು ಹಲಗೆ, ಶಕ್ತಿ ಅಲ್ಲಿಗೆ ಹೋಗಬೇಕು. ನೆಕ್ಕಿಗೆ ಹೋದದ್ದು ಹೆಚ್ಚೂ ಕಡಿಮೆ ವ್ಯರ್ಥ, ಅದರ ಮೈ ಸಣ್ಣದು, ಗಾಳಿಯನ್ನು ತಳ್ಳಲು ಅದಕ್ಕೆ ಆಗುವುದಿಲ್ಲ. ಆದರೂ ಅಕೂಸ್ಟಿಕ್‌ನಲ್ಲಿ ಹಲಗೆಯ ಪ್ರಭಾವ ಎಷ್ಟು ದೊಡ್ಡದೆಂದರೆ ನೆಕ್ಕಿನ ದಪ್ಪಕ್ಕಾಗಿ ಟೋನ್ ಹುಡುಕುವುದು ನನಗೆ ಸರಿ ಅನ್ನಿಸುವುದಿಲ್ಲ.

ಕೈಯ ವಿಷಯ. ದಪ್ಪ ನೆಕ್ ಹಿಡಿದಾಗ ಅಂಗೈ ತುಂಬುತ್ತದೆ, ಹೆಬ್ಬೆರಳಿಗೆ ಆಸರೆ ಸಿಗುತ್ತದೆ, ತಂತಿ ಬೆಂಡ್ ಮಾಡುವಾಗ ಮಣಿಕಟ್ಟಿನಿಂದ ತಿರುಗಿಸಲು ಬಲ ಸಿಗುತ್ತದೆ. ತೆಳು ನೆಕ್ಕಿನಲ್ಲಿ ಹೆಬ್ಬೆರಳು ಹಿಂಭಾಗದ ನಡುವಿಗೆ ಹೋಗುತ್ತದೆ, ಬೆರಳುಗಳು ಬೇಗ ಚಾಚುತ್ತವೆ, ಆದರೆ ಒಂದೇ ಬೆರಳಿನಿಂದ ಹಲವು ತಂತಿ ಒತ್ತುವ ಬಾರ್ ಕಾರ್ಡ್ ಬಹಳ ಹೊತ್ತು ಹಿಡಿದರೆ ಹೆಬ್ಬೆರಳ ಬುಡ ನೋಯುತ್ತದೆ. ಹಿಡಿತ ಬದಲಾದರೆ ಬೆಂಡ್ ಬದಲಾಗುತ್ತದೆ, ವೈಬ್ರಾಟೋ ಬದಲಾಗುತ್ತದೆ, ಒತ್ತುವ ಬಲ ಬದಲಾಗುತ್ತದೆ. ಕೇಳುವವರಿಗೆ "ಟೋನ್" ಅನ್ನಿಸುವುದರಲ್ಲಿ ಇದೇ ದೊಡ್ಡ ಪಾಲು. ಚಿಕ್ಕ ಕೈಯ ಹುಡುಗಿಗೆ 25 ಮಿಲಿಮೀಟರಿನ ನೆಕ್ ಕೊಟ್ಟು ಟೋನ್ ಬರುತ್ತೆ ಅಂತ ಹೇಳುವುದು ಅನ್ಯಾಯ. ಅವಳ ಬೆರಳು ನೆಟ್ಟಗೆ ಕೂರದಿದ್ದರೆ ಎಷ್ಟು ಗಟ್ಟಿ ನೆಕ್ಕಾದರೇನು?

ನಮ್ಮ ಕಡೆಯ ಹವೆಯನ್ನೂ ಮರೆಯಬಾರದು. ಧಾರವಾಡದಲ್ಲಿ ಜೂನ್‌ನಿಂದ ಜಿಟಿಜಿಟಿ ಮಳೆ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ, ಏಪ್ರಿಲ್‌ನಲ್ಲಿ ಗದಗಿನ ಕಡೆ ಒಣ ಗಾಳಿ ತುಟಿ ಸೀಳುತ್ತದೆ. ಮರ ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ನೆಕ್ಕಿನ ಬಾಗು ಬದಲಾಗುತ್ತದೆ. ತೆಳು ನೆಕ್ಕಿನಲ್ಲಿ ಇದು ಜಾಸ್ತಿ ಕಾಣುತ್ತದೆ, ಅಗ್ಗದ ಅಕೂಸ್ಟಿಕ್‌ಗಳಲ್ಲಿ ರಾಡೇ ಕೆಲಸ ಮಾಡದಿದ್ದರೆ ಇನ್ನೂ ಜಾಸ್ತಿ. ಮಳೆಗಾಲ ಶುರುವಾದ ಮೇಲೆ "ಟೋನ್ ಹೋಯ್ತು" ಅಂತ ಬರುವ ಗಿಟಾರುಗಳಲ್ಲಿ ಬಹುತೇಕ ಆಗಿರುವುದು ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಬದಲಾಗಿ ತಂತಿ ಫ್ರೆಟ್ಟಿಗೆ ಬಡಿಯುವುದು. ರಾಡ್ ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ಮತ್ತೆ ನೋಡಿದರೆ ಸಾಮಾನ್ಯವಾಗಿ ಸರಿ ಹೋಗುತ್ತದೆ. ದಪ್ಪ ನೆಕ್ ಬೇಕು ಅನ್ನಲು ನನ್ನ ಪ್ರಕಾರ ಇದು ಟೋನಿಗಿಂತ ಒಳ್ಳೆಯ ಕಾರಣ: ಅದು ಕಡಿಮೆ ಕಾಟ ಕೊಡುತ್ತದೆ.

ಹೊಸ ಗಿಟಾರ್ ನೋಡಲು ಹೋದಾಗ ನಾನು ಹೇಳುವುದು ಇಷ್ಟೇ. ಮೊದಲು ಟ್ಯೂನ್ ಮಾಡಿ, ಆಂಪ್ ಕ್ಲೀನ್ ಇಡಿ, ಡಿಸ್ಟಾರ್ಷನ್ ಪೂರ್ತಿ ಬಂದ್. ಡಿಸ್ಟಾರ್ಷನ್ ಡೆಡ್ ಸ್ಪಾಟನ್ನು ಮುಚ್ಚಿಹಾಕುತ್ತದೆ. ಜಿ ಮತ್ತು ಬಿ ತಂತಿಗಳ ಮೇಲೆ 3ರಿಂದ 15ರವರೆಗೆ ಒಂದೊಂದು ಸ್ವರ ನುಡಿಸಿ, ಕೈ ಅಲ್ಲಾಡಿಸದೆ, ವೈಬ್ರಾಟೋ ಇಲ್ಲದೆ, ಸಾಯುವ ತನಕ ಬಿಡಿ. ಅಂಗಡಿಯವರು ಅವಸರ ಮಾಡಿದರೂ ಬಿಡಬೇಡಿ. ಬಿದ್ದುಹೋಗುವ ಸ್ವರ ಸಿಕ್ಕರೆ ಅದು ನೀವು ನುಡಿಸುವ ಹಾಡುಗಳಲ್ಲಿ ಎಷ್ಟು ಬರುತ್ತದೆ ಅಂತ ಯೋಚಿಸಿ. ಅದೇ ಮಾಡೆಲ್ಲಿನ ಇನ್ನೊಂದು ಗಿಟಾರ್ ಇದ್ದರೆ ಅದನ್ನೂ ಇಳಿಸಲು ಹೇಳಿ, ಒಂದೇ ಫ್ಯಾಕ್ಟರಿಯ ಎರಡು ನೆಕ್‌ಗಳ ಎಳೆ ಒಂದೇ ಥರ ಇರುವುದಿಲ್ಲ, ಡೆಡ್ ಸ್ಪಾಟೂ ಒಂದೇ ಕಡೆ ಇರಬೇಕೆಂದಿಲ್ಲ. ಆಮೇಲೆ ಹೆಡ್‌ಸ್ಟಾಕನ್ನು ಎರಡು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿ, ಟ್ಯೂನರ್ ಮೇಲೆ ಸ್ವರ ಎಷ್ಟು ಜಾರುತ್ತದೆ ನೋಡಿ. ಸ್ವಲ್ಪ ತಳ್ಳಿದರೇ ಬಹಳ ಜಾರಿದರೆ ಆ ನೆಕ್ ಮೆತ್ತಗಿದೆ, ಗಿಟಾರ್ ಕುತ್ತಿಗೆಗೆ ನೇತುಹಾಕಿಕೊಂಡು ನಿಂತು ನುಡಿಸುವಾಗ ಕೈಯ ಭಾರಕ್ಕೇ ಸ್ವರ ತಪ್ಪುತ್ತದೆ. ಆರ್ಕೆಸ್ಟ್ರಾದಲ್ಲಿ ರಾತ್ರಿಯಿಡೀ ನಿಂತು ನುಡಿಸುವವರು ಈ ಒಂದು ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ.